ಮೊದಲ ಆಯ್ಕೆಯ ಶೇಕಡಾವಾರು ಸಾಲದು, ಕಟ್-ಆಫ್ ತೋರಿಸಿ: ಸ್ಯಾನ್ ಫ್ರಾನ್ಸಿಸ್ಕೋ ಶಿಕ್ಷಣ ಮಂಡಳಿಗೆ ಬಹಿರಂಗ ಪತ್ರ

ಸ್ಯಾನ್ ಫ್ರಾನ್ಸಿಸ್ಕೋ ನಗರ ಶಿಕ್ಷಣ ಮಂಡಳಿಯ ಏಳು ಮಂದಿ ಕಮಿಷನರರಿಗೆ ನಮಸ್ಕಾರಗಳು. ಸರ್ಕಾರಿ ಶಾಲೆಗಳ ಸೀಟನ್ನು ನೀವು ಲಾಟರಿಯಲ್ಲಿ ಹಂಚುತ್ತೀರಿ; ಅದರ ಲೆಕ್ಕವನ್ನು ಊರಿಗೆ ತೋರಿಸುವ ಬಗೆ ಬದಲಾಗಲಿ ಎಂದು ಕೇಳಲು ಈ ಪತ್ರ.

ಈ ಪತ್ರ ಕನ್ನಡದಲ್ಲಿ ಏಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದರ ಇಂಗ್ಲಿಷ್ ಪ್ರತಿ ಫ್ರಾಂಕ್ಲಿನ್ ಬೀದಿಯ ನಿಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಆದರೆ ಪ್ರತಿ ವರ್ಷ ದಸರೆ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಈ ಊರಿನ ಕನ್ನಡದ ಮನೆಗಳಿಂದ ನನಗೆ ಫೋನು ಬರಲು ತೊಡಗುತ್ತದೆ. ಮಗುವಿಗೆ ಐದು ತುಂಬುತ್ತಿರುತ್ತದೆ, ಎದುರು ಬೀದಿಯಲ್ಲೇ ಸರ್ಕಾರಿ ಶಾಲೆ ಇರುತ್ತದೆ. "ಎದುರಿಗೇ ಶಾಲೆ ಇಟ್ಟುಕೊಂಡು ಇಡೀ ಊರಿಗೆಲ್ಲ ಅರ್ಜಿ ಯಾಕೆ ಹಾಕಬೇಕು ಅಣ್ಣಾ? ಕೊನೆಗೆ ಲಾಟರಿ ಬೇರೆಯಂತೆ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ನಿಮಗೆ ಹೇಳಬೇಕಾದದ್ದನ್ನು ಅವರೂ ಓದಿಕೊಳ್ಳಲಿ ಎಂದು ಅವರ ಭಾಷೆಯಲ್ಲಿಯೇ ಬರೆದಿದ್ದೇನೆ. ಮನೆಮಾತು ಬೇರೆಯಾದ ಮಕ್ಕಳಿಗೆ ಅರ್ಥವಾಗದ ಭಾಷೆಯಲ್ಲಿ ಪಾಠ ಹೇಳಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿದ್ದು ನಿಮ್ಮ ಶಾಲಾ ಜಿಲ್ಲೆಯ ಚೀನೀ ಮಕ್ಕಳ ಪ್ರಕರಣದಲ್ಲೇ ಅಲ್ಲವೇ? ಆದ್ದರಿಂದ ಭಾಷೆಯ ಬಗ್ಗೆ ನೀವು ತಪ್ಪು ತಿಳಿಯಲಾರಿರಿ.

ಇನ್ನೊಂದು ಮಾತು. ನನಗೆ ಸ್ವಂತದ ದೂರು ಯಾವುದೂ ಇಲ್ಲ. ಪಟ್ಟಿಯಲ್ಲಿ ನಾಲ್ಕನೆಯದಾಗಿ ಬರೆದಿದ್ದ ಶಾಲೆ ನನ್ನ ಮಗಳಿಗೆ ಸಿಕ್ಕಿತು. ಈಗ ಅವಳು ಮೂರನೆಯ ತರಗತಿ. ಬೇರೆ ಶಾಲೆಗೆ ಹಾಕುತ್ತೇನೆ ಎಂದರೆ ಮನೆಯಲ್ಲಿ ಮಹಾಭಾರತವಾಗುತ್ತದೆ. ಚಿಕ್ಕವನಿಗೆ ಅಕ್ಕ ಓದುವ ಶಾಲೆಯಲ್ಲಿ ಮೊದಲ ಆದ್ಯತೆ ಇರುವುದರಿಂದ ಅವನ ಚಿಂತೆಯೂ ಇಲ್ಲ. ಹೀಗೆ ಸೀಟು ಭದ್ರವಾದವನು ಬರೆದ ಪತ್ರ ಇದು ಎಂದು ಓದಿಕೊಳ್ಳಿ.

ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಇರುವುದು ದಕ್ಷಿಣಕ್ಕೆ, ಫ್ರೀಮಾಂಟ್, ಸನ್ನಿವೇಲ್, ಕುಪರ್ಟಿನೋ ಕಡೆ. ಅಲ್ಲಿ ವಿಳಾಸವೇ ಶಾಲೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಅವರು ನಮ್ಮಂಥ ನಗರವಾಸಿಗಳನ್ನು ನೋಡುವ ನೋಟದಲ್ಲಿ ಒಂದಿಷ್ಟು ಕನಿಕರ ಇರುತ್ತದೆ. "ಪಾಪ, ನಿಮ್ಮದು ಲಾಟರಿ. ನಮಗೆ ಆ ತಲೆನೋವಿಲ್ಲ." ಇಲ್ಲದೆ ಏನು? ಅವರು ಆಯ್ಕೆ ಮಾಡಿದ್ದು ಮನೆ ಕೊಂಡ ದಿನ, ಬ್ಯಾಂಕಿನ ಮೇಜಿನ ಮುಂದೆ. ಶಾಲೆಯ ಗಡಿರೇಖೆಯ ಈಚೆಗೊಂದು ಬೆಲೆ, ಆಚೆಗೊಂದು ಬೆಲೆ. ಮೂವತ್ತು ವರ್ಷದ ಸಾಲದ ಕಂತಿನಲ್ಲಿ ಶಾಲೆಯ ಶುಲ್ಕವೂ ಸೇರಿರುತ್ತದೆ, ರಸೀದಿ ಮಾತ್ರ ಬರುವುದಿಲ್ಲ. ನಿಮ್ಮ ಲಾಟರಿಯನ್ನು ತೆಗಳುವ ಮುನ್ನ ಇದನ್ನು ಒಪ್ಪಿಕೊಳ್ಳಬೇಕು. ಬಾಡಿಗೆಯ ಮನೆಯಲ್ಲಿರುವವನ ಮಗುವಿಗೂ ಊರಿನ ಯಾವ ಶಾಲೆಯ ಬಾಗಿಲನ್ನಾದರೂ ತಟ್ಟುವ ಹಕ್ಕು ಕಾಗದದ ಮೇಲಾದರೂ ಇರುವುದು ನಮ್ಮ ನಗರದಲ್ಲಿ.

ಆ ಹಕ್ಕು ಸುಮ್ಮನೆ ಬಂದದ್ದಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ನನ್ನವರಿಗಾಗಿ ನಾಲ್ಕು ಮಾತು. 1884ರಲ್ಲಿ ಮೇಮಿ ಟೇಪ್ ಎಂಬ ಎಂಟು ವರ್ಷದ ಹುಡುಗಿಯನ್ನು ಚೀನೀ ಮೂಲದವಳೆಂದು ಈ ನಗರದ ಶಾಲೆಯೊಂದು ಸೇರಿಸಿಕೊಳ್ಳಲಿಲ್ಲ. ತಂದೆತಾಯಿ ನ್ಯಾಯಾಲಯಕ್ಕೆ ಹೋಗಿ 1885ರಲ್ಲಿ ಗೆದ್ದರು. ಗೆದ್ದ ಬೆನ್ನಿಗೇ ರಾಜ್ಯದ ಶಾಸನಸಭೆ ಕಾನೂನು ತಿದ್ದಿ ಪ್ರತ್ಯೇಕ ಚೀನೀ ಶಾಲೆಗೆ ದಾರಿ ಮಾಡಿಕೊಟ್ಟಿತು. 1906ರಲ್ಲಿ ನೀವು ಈಗ ಕುಳಿತಿರುವ ಇದೇ ಮಂಡಳಿ ಜಪಾನೀ ಮತ್ತು ಕೊರಿಯನ್ ಮಕ್ಕಳನ್ನೂ ಅದೇ ಪ್ರತ್ಯೇಕ ಶಾಲೆಗೆ ಅಟ್ಟಲು ಹೊರಟಾಗ ಜಪಾನ್ ಸರ್ಕಾರ ಸಿಟ್ಟಾಗಿ, ಅಧ್ಯಕ್ಷ ರೂಸ್‌ವೆಲ್ಟ್ ನಡುವೆ ಬರಬೇಕಾಯಿತು. ಒಂದು ಊರಿನ ಶಾಲಾ ದಾಖಲಾತಿ ಎರಡು ದೇಶಗಳ ಜಗಳವಾದ ಇನ್ನೊಂದು ಉದಾಹರಣೆ ನನಗೆ ತಿಳಿಯದು.

1971ರಲ್ಲಿ ಫೆಡರಲ್ ನ್ಯಾಯಾಧೀಶರು ಶಾಲೆಗಳಲ್ಲಿ ಜನಾಂಗಗಳನ್ನು ಬೆರೆಸಲು ಆದೇಶಿಸಿದರು, ಮಕ್ಕಳನ್ನು ಬಸ್ಸಿನಲ್ಲಿ ಊರ ಆಚೆ ಬದಿಗೆ ಸಾಗಿಸುವುದು ಶುರುವಾಯಿತು. ಆಗ ಬಹಿಷ್ಕಾರ ಹಾಕಿದವರಲ್ಲಿ ಚೈನಾಟೌನಿನ ತಾಯಂದಿರು ಮುಂದಿದ್ದರು. ಶಾಲೆಯೊಳಗೆ ಬಿಟ್ಟುಕೊಳ್ಳಿ ಎಂದು 1885ರಲ್ಲಿ ಹೋರಾಡಿದ ಸಮುದಾಯವೇ ನಮ್ಮ ಬೀದಿಯ ಶಾಲೆಯಿಂದ ನಮ್ಮ ಮಕ್ಕಳನ್ನು ಎಬ್ಬಿಸಬೇಡಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು, ತಡೆಯಾಜ್ಞೆ ಸಿಗಲಿಲ್ಲ. ಸಮುದಾಯದ ಶಾಲೆಗಳನ್ನು ತಾವೇ ತೆರೆದು ಮಕ್ಕಳನ್ನು ಅಲ್ಲಿ ಕೂರಿಸಿದರು. ಎರಡೂ ಸಲ ಅವರ ಮಾತಿನಲ್ಲಿ ನ್ಯಾಯವಿತ್ತು ಎಂದೇ ನನ್ನ ಅನಿಸಿಕೆ. ಈ ವಿಷಯದಲ್ಲಿ ಸುಲಭದ ಪಕ್ಷ ಯಾವುದೂ ಇಲ್ಲ.

ಆಮೇಲೆ ನ್ಯಾಯಾಲಯದ ಮುಂದೆ 1983ರ ಒಪ್ಪಂದ ಬಂತು. ಸಾಮಾನ್ಯ ಶಾಲೆಯಲ್ಲಿ ಯಾವುದೇ ಒಂದು ಜನಾಂಗದ ಮಕ್ಕಳು ಶೇ 45ನ್ನು ಮೀರಬಾರದು, ವಿಶೇಷ ಶಾಲೆಗಳಲ್ಲಿ ಶೇ 40ನ್ನು. ಆ ಮಿತಿ ಹೆಚ್ಚು ಬಿಗಿಯಾದದ್ದು ಚೀನೀ ಮೂಲದವರಿಗೆ. ಅಂಕ ನೋಡಿ ಮಕ್ಕಳನ್ನು ಆರಿಸಿಕೊಳ್ಳುವ ಲೋವೆಲ್ ಹೈಸ್ಕೂಲಿಗೆ ಅವರ ಮಕ್ಕಳು ಉಳಿದವರಿಗಿಂತ ಹೆಚ್ಚು ಅಂಕ ಗಳಿಸಬೇಕಾಗಿತ್ತು. 1994ರಲ್ಲಿ ಪೋಷಕರು ಮೊಕದ್ದಮೆ ಹೂಡಿದರು, 1999ರಲ್ಲಿ ರಾಜಿಯಾಯಿತು, ಜನಾಂಗದ ಲೆಕ್ಕ ಕೈಬಿಟ್ಟುಹೋಯಿತು. 2007ರಲ್ಲಿ ಸಿಯಾಟಲ್ ಮತ್ತು ಲೂಯಿವಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದೊಂದು ಮಗುವಿನ ಜನಾಂಗ ನೋಡಿ ಸೀಟು ಕೊಡುವ ಬಾಗಿಲನ್ನು ದೇಶಕ್ಕೆಲ್ಲ ಮುಚ್ಚಿತು.

ಈಗಿನ ವ್ಯವಸ್ಥೆ 2010ರ ಮಾರ್ಚ್‌ನಲ್ಲಿ ನೀವು, ಅಂದರೆ ನಿಮ್ಮ ಹಿಂದಿನವರು, ಒಪ್ಪಿಕೊಂಡದ್ದು. 2011ರ ಶಾಲಾ ವರ್ಷದಿಂದ ಜಾರಿ. ಪೋಷಕರು ಬೇಕಾದಷ್ಟು ಶಾಲೆಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ಸೀಟಿಗಿಂತ ಅರ್ಜಿ ಹೆಚ್ಚಾದ ಶಾಲೆಯಲ್ಲಿ ಮೊದಲು ಅಲ್ಲಿ ಅಣ್ಣನೋ ಅಕ್ಕನೋ ಓದುತ್ತಿರುವವರು. ಆ ಬಡಾವಣೆಯವರಾಗಿ ಅಲ್ಲೇ ಜಿಲ್ಲೆಯ ಶಿಶುವಿಹಾರಕ್ಕೆ ಹೋದವರು ಅವರ ನಂತರ. ಮಕ್ಕಳ ಪರೀಕ್ಷಾ ಸರಾಸರಿ ಊರಿನಲ್ಲೇ ಅತಿ ಕೆಳಗಿನ ಐದನೇ ಒಂದು ಭಾಗದಲ್ಲಿರುವ ಜನಗಣತಿ ವಲಯದ ನಿವಾಸಿಗಳು ಆಮೇಲೆ. ಕೊನೆಗೆ ಶಾಲೆಯ ಸುತ್ತಲಿನವರು. ಒಂದೇ ಮೆಟ್ಟಿಲಿನಲ್ಲಿ ನಿಂತವರ ನಡುವೆ ಚೀಟಿ ಎತ್ತುವುದು, ಕಂಪ್ಯೂಟರಿನ ಚೀಟಿ. ಇದರ ಹಿಂದಿನ ಗಣಿತಕ್ಕೆ ಸಣ್ಣಪುಟ್ಟವರು ಕೈಹಾಕಿರಲಿಲ್ಲ. 2012ರಲ್ಲಿ ನೊಬೆಲ್ ಪಡೆದ ಆಲ್ವಿನ್ ರಾತ್ ಅವರ ಬಳಗದ ಅರ್ಥಶಾಸ್ತ್ರಜ್ಞರು ಹಣ ಪಡೆಯದೆ ಸಲಹೆ ಕೊಟ್ಟಿದ್ದರು.

ಆಗ ಒಪ್ಪಿಕೊಂಡ ಪದ್ಧತಿಯ ಒಳಗುಟ್ಟು ಅದಲುಬದಲು. ಊರ ಒಂದು ತುದಿಯ ಬೇವ್ಯೂ ಬಡಾವಣೆಯಲ್ಲಿರುವ ಮಗುವಿಗೆ ತನ್ನ ಆದ್ಯತೆಯಿಂದ ಒಂದು ಶಾಲೆ ಕೈಗೆ ಬಂದಿದೆ, ಆದರೆ ಅದಕ್ಕೆ ಬೇಕಾದದ್ದು ಇನ್ನೊಂದು ತುದಿಯ ಸನ್‌ಸೆಟ್ಟಿನ ಶಾಲೆ. ಸನ್‌ಸೆಟ್ಟಿನ ಮಗುವಿಗೆ ಕೈಗೆ ಬಂದದ್ದು ಅದೇ ಶಾಲೆ, ಆದರೆ ಅದಕ್ಕೆ ಬೇಕಾದದ್ದು ಬೇವ್ಯೂ ಮಗುವಿನ ಕೈಯಲ್ಲಿರುವ ಶಾಲೆಯ ಭಾಷಾ ತರಗತಿ. ಇಬ್ಬರೂ ಬದಲಾಯಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಇಬ್ಬರ ಬದಲು ಐದು, ಹತ್ತು ಮಕ್ಕಳ ಸುತ್ತು ಬೇಕಾದರೂ ಆಗಬಹುದು. ಈ ಏರ್ಪಾಟಿನ ಸೊಗಸು ಏನೆಂದರೆ, ಪೋಷಕರು ಜಾಣತನ ಮಾಡಬೇಕಾಗಿಲ್ಲ. ಮನಸ್ಸಿನಲ್ಲಿರುವ ಕ್ರಮವನ್ನು ಹಾಗೆಯೇ ಬರೆದರೆ ಸಾಕು. ಸುಳ್ಳು ಕ್ರಮ ಬರೆದವನಿಗೆ ಹೆಚ್ಚಿನದೇನೂ ದಕ್ಕುವುದಿಲ್ಲ. ಫೋನಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ವಾಕ್ಯ ಇದೇ, ಮತ್ತು ಯಾರೂ ನಂಬದ ವಾಕ್ಯವೂ ಇದೇ. "ಅದು ಸಿಗುವುದಿಲ್ಲ ಬಿಡಿ, ಮೊದಲನೆಯದಾಗಿ ಬರೆದು ಅವಕಾಶ ಯಾಕೆ ಹಾಳುಮಾಡಿಕೊಳ್ಳಲಿ?" ಎನ್ನುತ್ತಾರೆ. ಹಾಳಾಗುವುದಿಲ್ಲ ಎಂದು ಹೇಳಲು ನನ್ನ ಕೈಯಲ್ಲಿ ಇರುವುದು ಬರೀ ಬಾಯಿಮಾತು.

ಇಲ್ಲಿಂದ ನನ್ನ ತಕರಾರು ಶುರು. ತಕರಾರು ಲಾಟರಿಯ ಮೇಲಲ್ಲ, ನೀವು ಅದನ್ನು ಅಳೆಯುವ ಸೇರಿನ ಮೇಲೆ.

ಪ್ರತಿ ಮಾರ್ಚ್‌ನಲ್ಲಿ ಫಲಿತಾಂಶದ ಜೊತೆಗೆ ಒಂದು ಪ್ರಕಟಣೆ ಬರುತ್ತದೆ: ಕಿಂಡರ್‌ಗಾರ್ಟನ್ ಅರ್ಜಿದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಆಯ್ಕೆ ಸಿಕ್ಕಿತು, ಬಹುಪಾಲು ಜನರಿಗೆ ಪಟ್ಟಿಯಲ್ಲಿ ಬರೆದ ಯಾವುದೋ ಒಂದು ಶಾಲೆ ಸಿಕ್ಕಿತು. ಪತ್ರಿಕೆಗಳ ತಲೆಬರಹವೂ ಅದೇ. ಈ ಶೇಕಡಾವಾರು ಸುಳ್ಳಲ್ಲ, ಆದರೆ ಅದು ಯಾವುದನ್ನೂ ಅಳೆಯುವುದಿಲ್ಲ. ಬಾಸ್ಟನ್ ನಗರದ ಕಥೆಯನ್ನು ನೀವು ಬಲ್ಲಿರಿ. 2005ರವರೆಗೆ ಅಲ್ಲಿ ಮೊದಲ ಆಯ್ಕೆಯವರಿಗೆಲ್ಲ ಮೊದಲು ಸೀಟು ಹಂಚಿ, ಉಳಿದರೆ ಎರಡನೆಯ ಆಯ್ಕೆಯವರಿಗೆ ಕೊಡುತ್ತಿದ್ದರು. ಅಲ್ಲಿ ಮೊದಲ ಆಯ್ಕೆ ತಪ್ಪಿದರೆ ಎರಡನೆಯದೂ ಅಷ್ಟರಲ್ಲಿ ತುಂಬಿಹೋಗಿರುತ್ತಿತ್ತು. ಬಲ್ಲ ಪೋಷಕರು ಗುಂಪು ಕಟ್ಟಿಕೊಂಡು, ಯಾವ ಶಾಲೆಯನ್ನು ಮೊದಲು ಬರೆದರೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕಿ, ನಿಜವಾಗಿ ಬೇಕಾದದ್ದನ್ನು ಬಿಟ್ಟು ಸಿಗುವಂಥದ್ದನ್ನು ಮೊದಲು ಬರೆಯುತ್ತಿದ್ದರು. ಆ ಲೆಕ್ಕ ತಿಳಿಯದವರು ಮನಸ್ಸಿನಲ್ಲಿದ್ದದ್ದನ್ನೇ ಬರೆದು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಕಾಗದದ ಮೇಲೆ ಮೊದಲ ಆಯ್ಕೆಯ ಸಂಖ್ಯೆ ಮಾತ್ರ ಬಲು ಚೆನ್ನಾಗಿ ಕಾಣುತ್ತಿತ್ತು! ಜನ ಹೆದರಿ ಆಸೆ ತಗ್ಗಿಸಿಕೊಂಡಷ್ಟೂ ಏರುವ ಸಂಖ್ಯೆ ಅದು.

ನ್ಯೂಯಾರ್ಕಿನವರು ಹೈಸ್ಕೂಲು ಹಂಚಿಕೆಯನ್ನು 2003ರಲ್ಲಿ ಬದಲಾಯಿಸಿದಾಗ ಬೇರೆ ಸೇರು ಬಳಸಿದರು. ತಾವು ಬರೆಯದೇ ಇದ್ದ ಶಾಲೆಗೆ ಎಷ್ಟು ಮಕ್ಕಳು ಬಿದ್ದರು ಎಂಬುದು ಅವರ ಎಣಿಕೆ. ಹಳೆಯ ಪದ್ಧತಿಯಲ್ಲಿ ಸುಮಾರು 30 ಸಾವಿರ ಮಕ್ಕಳು ಹಾಗೆ ಬೀಳುತ್ತಿದ್ದರು, ಹೊಸದರ ಮೊದಲ ವರ್ಷ ಅದು ಸುಮಾರು 3 ಸಾವಿರಕ್ಕೆ ಇಳಿಯಿತು. ಸೋತವರನ್ನು ಎಣಿಸುವುದು ಗೆದ್ದವರನ್ನು ಎಣಿಸುವುದಕ್ಕಿಂತ ಪ್ರಾಮಾಣಿಕ ಕೆಲಸ.

ನಮ್ಮ ಕರ್ನಾಟಕದಲ್ಲಿ ಪಿಯುಸಿ ಮುಗಿಸಿದ ಮಗುವಿರುವ ಮನೆಯಲ್ಲಿ ಜೂನ್, ಜುಲೈ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ಸಿಇಟಿ ರ‍್ಯಾಂಕು ಬಂದಿರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಆಪ್ಷನ್ ಎಂಟ್ರಿ, ಅಂದರೆ ಕಾಲೇಜು ಮತ್ತು ಕೋರ್ಸುಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ಬರೆಯುವುದು. ನೂರು ಬರೆದರೂ ಸರಿ. ಆ ಪ್ರಾಧಿಕಾರದ ಬಗ್ಗೆ ಬೈಗುಳ ಬೇಕಾದಷ್ಟು ಕೇಳಿದ್ದೇನೆ, ಆದರೆ ಅದು ಮಾಡುವ ಎರಡು ಕೆಲಸಗಳನ್ನು ನೀವು ಕಲಿಯಬೇಕು. ಮೊದಲನೆಯದು ಅಣಕು ಸೀಟು ಹಂಚಿಕೆ. ನಿಜವಾದ ಹಂಚಿಕೆಗೆ ಮುಂಚೆ, ಇವತ್ತೇ ಹಂಚಿದ್ದರೆ ನಿಮಗೆ ಏನು ಸಿಗುತ್ತಿತ್ತು ಎಂದು ತೋರಿಸುತ್ತಾರೆ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಲು ಕೆಲವು ದಿನ ಬಿಡುತ್ತಾರೆ. ಹಳ್ಳಿಯ ಹುಡುಗಿಗೂ ಆ ದಿನ ಗೊತ್ತಾಗುತ್ತದೆ, ತಾನು ಕನಸಿನ ಕಾಲೇಜನ್ನು ಮೇಲೆ ಬರೆದದ್ದರಿಂದ ಕೆಳಗಿನದೇನೂ ಕೈತಪ್ಪಲಿಲ್ಲ ಎಂದು. ಬಾಯಿಮಾತಿನಿಂದ ಆಗದ ಕೆಲಸವನ್ನು ಆ ಒಂದು ಪರದೆ ಮಾಡುತ್ತದೆ.

ಎರಡನೆಯದು ಕಟ್-ಆಫ್. ಪ್ರತಿ ಸುತ್ತಿನ ನಂತರ ಯಾವ ಕಾಲೇಜಿನ ಯಾವ ಕೋರ್ಸಿಗೆ ಯಾವ ವರ್ಗದಲ್ಲಿ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬ ಪಟ್ಟಿ ಬರುತ್ತದೆ. ಬೀದರಿನಲ್ಲಿ ಕುಳಿತವನಿಗೂ ಬೆಂಗಳೂರಿನ ಕೋಚಿಂಗ್ ತರಗತಿಯವನಿಗೂ ಒಂದೇ ಪಟ್ಟಿ. ನಮ್ಮ ಐದು ವರ್ಷದ ಮಕ್ಕಳಿಗೆ ರ‍್ಯಾಂಕ್ ಇಲ್ಲ, ಇರಲೂಬಾರದು. ಆದರೆ ಮೆಟ್ಟಿಲುಗಳಿವೆಯಲ್ಲ? ಇಂಥ ಶಾಲೆಯ ಸೀಟುಗಳಲ್ಲಿ ಒಡಹುಟ್ಟಿದವರಿಗೆ ಎಷ್ಟು ಹೋದವು, ಕಡಿಮೆ ಸರಾಸರಿಯ ಜನಗಣತಿ ವಲಯದವರಿಗೆ ಎಷ್ಟು, ಬಡಾವಣೆಯವರಿಗೆ ಎಷ್ಟು, ಯಾವ ಆದ್ಯತೆಯೂ ಇಲ್ಲದವನಿಗೆ ಒಂದಾದರೂ ಉಳಿಯಿತೇ? ಚೀಟಿಯ ನಿರ್ಧಾರ ಬಿದ್ದದ್ದು ಯಾವ ಮೆಟ್ಟಿಲಿನಲ್ಲಿ? ನನ್ನ ಮೊದಲ ಬೇಡಿಕೆ ಇದೇ: ಪ್ರತಿ ಶಾಲೆಗೂ ಒಂದು ಸಾಲು, ಇಡೀ ಊರಿಗೆ ಒಂದೇ ಹಾಳೆ. ಶಾಲೆಗಳಿಗೆ ಎಷ್ಟು ಅರ್ಜಿ ಬಂದವು ಎಂಬ ಸಂಖ್ಯೆಯಿಂದ ಇದು ತಿಳಿಯುವುದಿಲ್ಲ. ನೂರಾರು ಅರ್ಜಿ ಬಂದ ಶಾಲೆ ಎಂದರೆ ಜನ ಹೆದರುತ್ತಾರೆ, ಅಷ್ಟೇ.

ಈ ಹಾಳೆ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಒಂದು ಊಟದ ಮೇಜಿನ ಮೇಲೆ ನೋಡಿದ್ದೇನೆ. ಜನವರಿಯ ಒಂದು ಭಾನುವಾರ, ನೋಯಿ ವ್ಯಾಲಿಯ ಕಡೆ ಇರುವ ಪರಿಚಿತ ದಂಪತಿಗಳ ಮನೆ. ಚಿತ್ರಾನ್ನದ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟರು. ಮೂವತ್ತೊಂದು ಶಾಲೆಗಳ ಎಕ್ಸೆಲ್ ಹಾಳೆ, ಹದಿನಾಲ್ಕು ಕಾಲಂ: ಬೆಳಗಿನ ಗಂಟೆ ಎಷ್ಟಕ್ಕೆ, ಸಂಜೆಯ ಪಾಲನೆ ಉಂಟೇ, ಮ್ಯಾಂಡರಿನ್ ಇದೆಯೇ, ಅಂಗಳದಲ್ಲಿ ಮರ ಇದೆಯೇ, ಪೋಷಕರ ಸಂಘ ವರ್ಷಕ್ಕೆ ಎಷ್ಟು ಹಣ ಎತ್ತುತ್ತದೆ. ಕೊನೆಯ ಕಾಲಂ ಹಳದಿ ಬಣ್ಣದ್ದು. ಅದು ಅವರ ಆಫೀಸಿನವರು, ನೆರೆಯವರು, ಈಜಿನ ತರಗತಿಯಲ್ಲಿ ಸಿಕ್ಕವರು ಹೇಳಿದ್ದನ್ನೆಲ್ಲ ಕಲೆಹಾಕಿ ಇವರೇ ಕಟ್ಟಿಕೊಂಡ ಕಟ್-ಆಫ್. ಗಂಡಹೆಂಡತಿ ಸರದಿಯ ಮೇಲೆ ರಜೆ ಹಾಕಿ ಹನ್ನೊಂದು ಶಾಲೆ ಸುತ್ತಿ ಬಂದಿದ್ದರು. ಅವರನ್ನು ನಾನು ಆಡಿಕೊಳ್ಳುತ್ತಿಲ್ಲ; ನನ್ನ ಹಾಳೆಯಲ್ಲೂ ಒಂಬತ್ತು ಕಾಲಂ ಇದ್ದವು. ಆದರೆ ಆ ಹಳದಿ ಕಾಲಂ ಸಾರ್ವಜನಿಕ ಸೊತ್ತಾಗಬೇಕಾದದ್ದು, ಮತ್ತು ಅದು ಈಜಿನ ತರಗತಿಗೆ ದುಡ್ಡು ಕಟ್ಟಿದವರ ನಡುವೆ ಮಾತ್ರ ಓಡಾಡುತ್ತಿದೆ.

ಇನ್ನೊಂದು ಮುಖ. ಎಕ್ಸೆಲ್ಸಿಯರ್‌ನಲ್ಲಿ ನಮ್ಮ ಮನೆಯ ಕೆಳಗೆ ಬಟ್ಟೆ ಒಗೆಯುವ ಅಂಗಡಿ. ಮೇ ತಿಂಗಳ ಒಂದು ರಾತ್ರಿ, ಯಂತ್ರ ತಿರುಗುತ್ತಿರುವಾಗ, ಪಕ್ಕದಲ್ಲಿದ್ದ ತಾಯಿಯೊಬ್ಬಳು ಮಗಳ ಕೈಲಿ ಕೇಳಿಸಿದಳು: ತಮ್ಮನನ್ನು ಶಾಲೆಗೆ ಹಾಕಬೇಕು, ಆಗಸ್ಟಿನಲ್ಲಿ ಯಾವ ದಿನ ಕರೆದುಕೊಂಡು ಹೋಗಬೇಕು? ಗ್ವಾಟೆಮಾಲಾದಿಂದ ಬಂದವರು, ರಾತ್ರಿ ಹೊತ್ತು ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸ. ಮುಖ್ಯ ಸುತ್ತಿನ ಅರ್ಜಿ ಚಳಿಗಾಲದಲ್ಲೇ ಮುಗಿದಿದೆ ಎಂದಾಗ ಅವಳ ಮುಖದಲ್ಲಿ ಬೇಸರ ಕಾಣಲಿಲ್ಲ, ಅಚ್ಚರಿ ಕಂಡಿತು. ಶಾಲೆ ಶುರುವಾಗುವುದಕ್ಕೆ ಏಳು ತಿಂಗಳು ಮೊದಲು ಶಾಲೆಯ ಬಗ್ಗೆ ಯೋಚಿಸುವವರು ಯಾರು ಎಂಬ ಅಚ್ಚರಿ. ನನಗೆ ಅದು ಪೂರಾ ಅರ್ಥವಾಯಿತು. ನನ್ನನ್ನು ಶಾಲೆಗೆ ಸೇರಿಸಿದ್ದು ಜೂನ್ ಒಂದನೇ ತಾರೀಖು. ಅಪ್ಪ ಕೈ ಹಿಡಿದುಕೊಂಡು ಹೋದರು, ಹೆಡ್‌ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳಿದರು. ಮುಟ್ಟಿತು, ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು. ಪ್ರಪಂಚದ ಬಹುಪಾಲು ತಂದೆತಾಯಿಗಳಿಗೆ ಶಾಲೆಗೆ ಸೇರಿಸುವುದು ಎಂದರೆ ಈಗಲೂ ಇಷ್ಟೇ.

ಅವಳ ಮಗುವಿಗೆ ಸೀಟು ಸಿಕ್ಕಿತು, ಸಿಗದೆ ಇರುವುದಿಲ್ಲ. ಜಾಗ ಉಳಿದ ಶಾಲೆಯಲ್ಲಿ ಸಿಕ್ಕಿತು. ಜಾಗ ಉಳಿಯುವುದು ಯಾರೂ ಮೊದಲು ಬರೆಯದ ಶಾಲೆಯಲ್ಲಿ. ಹೀಗೆ ವರ್ಷಕ್ಕೆ ವರ್ಷ ತಡವಾಗಿ ಬಂದವರೆಲ್ಲ ಒಂದು ಕಡೆ ಸೇರುತ್ತಾರೆ, ಮೊದಲೇ ಬಂದವರೆಲ್ಲ ಇನ್ನೊಂದು ಕಡೆ. ಆದ್ಯತೆಯ ಮೆಟ್ಟಿಲು ಏರಿ ಮೂರನೆಯದರಲ್ಲಿ ನಿಲ್ಲಬೇಕಾಗಿದ್ದ ಮಗು ಮೆಟ್ಟಿಲ ಹತ್ತಿರವೇ ಬರುವುದಿಲ್ಲ. ಅತ್ತ ಬಾಡಿಗೆ ಏರಿ ಏರಿ ಬಣ್ಣ ಬದಲಾದ ಮಿಷನ್ ಬಡಾವಣೆಯಲ್ಲಿ, ಜನಗಣತಿ ವಲಯದ ಹಳೆಯ ಪರೀಕ್ಷಾ ಸರಾಸರಿಯ ನೆರಳಿನಲ್ಲಿ ಹೊಸದಾಗಿ ಬಂದು ನೆಲೆಸಿದ ಎಂಜಿನಿಯರನ ಮಗು ಅದೇ ಮೆಟ್ಟಿಲನ್ನು ಸಲೀಸಾಗಿ ಏರುತ್ತದೆ. ಕಾನೂನಿಗೆ ಎರಡೂ ಸರಿ. ನಿಮ್ಮದೇ ಮಂಡಳಿ 2018ರ ಡಿಸೆಂಬರ್‌ನಲ್ಲಿ ಹೊಸ ನೀತಿ ಬೇಕು ಎಂದು ಒಮ್ಮತದಿಂದ ನಿರ್ಣಯ ಮಾಡಿದ್ದು, ಮಕ್ಕಳನ್ನು ಬೆರೆಸಬೇಕೆಂದು ತಂದ ಆಯ್ಕೆಯ ವ್ಯವಸ್ಥೆ ಬೆರೆಸಲಿಲ್ಲ ಎಂಬ ಕಾರಣಕ್ಕೇ.

ಆದ್ದರಿಂದ ನನ್ನ ಎರಡನೆಯ ಬೇಡಿಕೆ: ಬಡಾವಣೆವಾರು, ಮನೆಮಾತಿನವಾರು, ಗಡುವಿನೊಳಗೆ ಅರ್ಜಿ ಹಾಕಿದವರೆಷ್ಟು, ಆಮೇಲೆ ಬಂದವರೆಷ್ಟು ಎಂದು ಮಾರ್ಚ್ ಪ್ರಕಟಣೆಯ ತಲೆಯಲ್ಲೇ ಹಾಕಿ. ಮೊದಲ ಆಯ್ಕೆಯ ಶೇಕಡಾವಾರು ಅದರ ಕೆಳಗೆ ಬರಲಿ. ಸೀಟು ಸಿಕ್ಕಿಯೂ ಆಗಸ್ಟಿನಲ್ಲಿ ಬಾರದವರನ್ನೂ ಎಣಿಸಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಖಾಸಗಿ ಶಾಲೆಗೆ ಹೋಗುವ ಮಕ್ಕಳ ಪಾಲು ದೇಶದ ಬೇರೆ ದೊಡ್ಡ ನಗರಗಳಿಗೆ ಹೋಲಿಸಿದರೆ ಬಹಳ ಹೆಚ್ಚು. ಲಾಟರಿಯಲ್ಲಿ ಬೇಕಾದದ್ದು ಬಾರದೆ ಹೊರಟವರು ಯಾವ ಲೆಕ್ಕದಲ್ಲೂ ಸೋತವರಾಗಿ ಕಾಣುವುದಿಲ್ಲ, ಏಕೆಂದರೆ ಅವರು ಲೆಕ್ಕದಿಂದಲೇ ಎದ್ದುಹೋಗಿರುತ್ತಾರೆ. ದಾಖಲಾತಿ ಸುಮಾರು 50 ಸಾವಿರಕ್ಕೆ ಇಳಿದಿರುವ ಜಿಲ್ಲೆಗೆ ಈ ಲೆಕ್ಕದ ಅಗತ್ಯ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಮುಚ್ಚುವ, ವಿಲೀನಗೊಳಿಸುವ ಶಾಲೆಗಳ ಪಟ್ಟಿ ಹೊರಬಂದು, ಊರೇ ಎದ್ದು ಕೂತು, ಅದೇ ತಿಂಗಳು ಸೂಪರಿಂಟೆಂಡೆಂಟರು ರಾಜೀನಾಮೆ ಕೊಟ್ಟು, ಪಟ್ಟಿ ಮೂಲೆಗೆ ಸರಿದದ್ದನ್ನು ಎಲ್ಲರೂ ನೋಡಿದ್ದೇವೆ. ಆ ಪಟ್ಟಿಯ ಶಾಲೆಗಳು ಒಂದೇ ವರ್ಷದಲ್ಲಿ ಬರಿದಾದವಲ್ಲ. ಹದಿನೈದು ವರ್ಷಗಳ ಆಯ್ಕೆ ಪಟ್ಟಿಗಳಲ್ಲಿ ಅವು ಎಲ್ಲಿ ಬರುತ್ತಿದ್ದವು ಎಂಬುದು ನಿಮ್ಮ ಕಂಪ್ಯೂಟರಿನಲ್ಲೇ ಇದೆ.

ದೂರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಏಳು ಮೈಲಿಗೆ ಏಳು ಮೈಲಿಯ ಊರು ಎಂದು ಹೇಳುವುದು ಸುಲಭ. ಬೇವ್ಯೂನಿಂದ ಸನ್‌ಸೆಟ್ಟಿನ ಕಡೆಗೆ 29ನೇ ನಂಬರಿನ ಮ್ಯೂನಿ ಬಸ್ಸಿನಲ್ಲಿ ಬೆಳಿಗ್ಗೆ ಏಳಕ್ಕೆ ಒಮ್ಮೆ ಕೂತು ನೋಡಿ, ಕೂರಲು ಜಾಗ ಸಿಕ್ಕರೆ. ಹದಿನೆಂಟರ ಒಳಗಿನವರಿಗೆ ಮ್ಯೂನಿ ಉಚಿತ, ನಿಜ. ಐದು ವರ್ಷದ ಮಗುವನ್ನು ಒಂಟಿಯಾಗಿ ಹತ್ತಿಸಲಾಗುವುದಿಲ್ಲ, ಜೊತೆಗೆ ಹೋಗುವ ತಾಯಿಗೆ ಟಿಕೆಟ್ಟೂ ಬೇಕು, ಕೆಲಸಕ್ಕೆ ತಡವಾದರೆ ಬೈಸಿಕೊಳ್ಳುವ ಧೈರ್ಯವೂ ಬೇಕು. ಶಾಲೆಯ ಹಳದಿ ಬಸ್ಸು ಇಲ್ಲದ ಕಡೆ ಆಯ್ಕೆ ಎಂಬುದು ಕಾರಿದ್ದವರ ಆಯ್ಕೆ.

ಇನ್ನು ನೀವು ತರಲಿರುವ ಹೊಸದರ ವಿಷಯ. 2020ರ ಡಿಸೆಂಬರ್‌ನಲ್ಲಿ ಪ್ರಾಥಮಿಕ ಶಾಲೆಗಳಿಗೆ ವಲಯ ಪದ್ಧತಿಯನ್ನು ಮಂಡಳಿ ಒಪ್ಪಿತು. ಊರನ್ನು ಕೆಲವು ವಲಯಗಳಾಗಿ ಹೋಳುಮಾಡಿ, ಆಯಾ ವಲಯದ ಮಗು ಅಲ್ಲಿಯ ಶಾಲೆಗಳಲ್ಲೇ ಆರಿಸಿಕೊಳ್ಳುವುದು. ವೈವಿಧ್ಯ, ಖಚಿತತೆ, ಸಾಮೀಪ್ಯ ಎಂಬ ಮೂರು ಗುರಿಗಳು. ಸ್ಟ್ಯಾನ್‌ಫರ್ಡಿನ ಐರೀನ್ ಲೋ ಅವರ ತಂಡ ಲೆಕ್ಕಾಚಾರಕ್ಕೆ ನೆರವಾಯಿತು. ಜಾರಿಯ ದಿನ 2023ರಿಂದ ಮುಂದಕ್ಕೆ ಹೋಗುತ್ತಲೇ ಇದೆ. ಮೂರು ಗುರಿಗಳೂ ಒಳ್ಳೆಯವೇ, ಒಂದನ್ನು ಎಳೆದರೆ ಇನ್ನೊಂದು ಜಾರುವ ಪಂಚೆಯ ಹಾಗೆ ಇವೆ ಅಷ್ಟೇ.

ವಲಯ ಎಂಬ ಮಾತು ಕೇಳಿದರೆ ಮಾತ್ರ ಕರ್ನಾಟಕದವನಾದ ನನಗೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ಬಡಮಕ್ಕಳಿಗೆ ಲಾಟರಿ ಎತ್ತಿ ಕೊಡುತ್ತಿದ್ದರು. ಆರ್‌ಟಿಇ ಸೀಟು ಎಂದರೆ ಬೆಂಗಳೂರಿನ ಆಟೋ ಚಾಲಕನಿಗೂ ಅರ್ಥವಾಗುವ ಮಾತು. 2019ರಲ್ಲಿ ನಿಯಮ ತಿದ್ದಿದರು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಯ ಖಾಸಗಿ ಶಾಲೆ ಲಾಟರಿಯ ಪಟ್ಟಿಯಲ್ಲಿ ಬರುವುದಿಲ್ಲ. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಲಕ್ಷ ಮೀರಿದ್ದ ಸೀಟುಗಳು ಒಂದೇ ವರ್ಷದಲ್ಲಿ ಅದರ ಸಣ್ಣ ಪಾಲಿಗೆ ಇಳಿದವು. ಲಾಟರಿಯನ್ನು ಯಾರೂ ರದ್ದು ಮಾಡಲಿಲ್ಲ, ಅದೇ ಸಾಫ್ಟ್‌ವೇರು, ಅದೇ ಬಿಇಒ ಕಚೇರಿಯ ಮುಂದಿನ ಅದೇ ಸಾಲು. ಪಟ್ಟಿಯಲ್ಲಿ ಯಾವ ಶಾಲೆ ಇರಬೇಕು ಎಂಬ ಗೆರೆಯೊಂದೇ ಸರಿದದ್ದು. ಸರ್ಕಾರಿ ಶಾಲೆ ಉಳಿಯಬೇಕು ಎಂಬ ಸರ್ಕಾರದ ವಾದವನ್ನು ನಾನು ತಳ್ಳಿಹಾಕುವವನಲ್ಲ, ಓದಿದ್ದೇ ಅಂಥ ಶಾಲೆಯಲ್ಲಿ. ಆದರೆ ತೀರ್ಮಾನ ಆದದ್ದು ಚೀಟಿ ಎತ್ತುವಾಗ ಅಲ್ಲ, ಗೆರೆ ಎಳೆಯುವಾಗ. ಮತ್ತು ಗೆರೆ ಎಳೆದಾಗ ಸಾಲಿನಲ್ಲಿದ್ದವರು ಯಾರೂ ಅಲ್ಲಿರಲಿಲ್ಲ.

ನಿಮ್ಮ ವಲಯಗಳ ಗೆರೆಯೂ ಹಾಗೆಯೇ. ಬೇವ್ಯೂ ಯಾವುದರ ಜೊತೆ ಸೇರುತ್ತದೆ, ಟೆಂಡರ್‌ಲಾಯಿನ್ ಯಾವುದರ ಜೊತೆ, ಕ್ಯಾಂಟೊನೀಸ್ ತರಗತಿಗಳಿರುವ ಶಾಲೆ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದರಲ್ಲೇ ಎಲ್ಲ ಇತ್ಯರ್ಥವಾಗಿರುತ್ತದೆ. ಗೆರೆ ಎಳೆಯುವ ಮುನ್ನ ಹಿಂದಿನ ಐದು ವರ್ಷಗಳ ನಿಜವಾದ ಅರ್ಜಿಗಳನ್ನು, ಹೆಸರು ಅಳಿಸಿ, ಹೊಸ ಪದ್ಧತಿಯ ಮೂಲಕ ಹಾಯಿಸಿ. ಹಳೆಯದರಲ್ಲಿ ಯಾವ ಬಡಾವಣೆಯ ಮಕ್ಕಳು ಎಲ್ಲಿಗೆ ಹೋದರು, ಹೊಸದರಲ್ಲಿ ಎಲ್ಲಿಗೆ ಹೋಗುತ್ತಿದ್ದರು ಎಂದು ಅಕ್ಕಪಕ್ಕದಲ್ಲಿಟ್ಟು ತೋರಿಸಿ. ಇದಕ್ಕಾಗಿಯೇ ಇನ್ನೊಂದು ಮಾತು: 2010ರ ನಂತರ ಹಂಚಿಕೆಯ ಸಾಫ್ಟ್‌ವೇರನ್ನು ಜಿಲ್ಲೆ ಹೊರಗಿನ ತಜ್ಞರ ಕೈಗೆ ಕೊಡದೆ ತಾನೇ ಬರೆಸಿಕೊಂಡಿತು. ಅದು ತಪ್ಪಲ್ಲ. ಆದರೆ ಚೀಟಿ ಎತ್ತುವ ಕೈಯನ್ನು ಊರ ಮುಂದೆ ತೋರಿಸುವುದು ವಾಡಿಕೆ. ನಮ್ಮ ಹಳ್ಳಿಯಲ್ಲಿ ಕೆರೆ ನೀರಿನ ಸರದಿಗೆ ಚೀಟಿ ಎತ್ತುವಾಗ ಯಾರದೋ ಮನೆಯ ಚಿಕ್ಕ ಮಗುವನ್ನು ಕರೆಸಿ, ತೋಳು ಮಡಿಸಿ, ಎಲ್ಲರೆದುರು ಎತ್ತಿಸುತ್ತಿದ್ದರು. ಪ್ರೋಗ್ರಾಮಿನ ಸಾಲುಗಳನ್ನು ಹೊರಗಿನವರೊಬ್ಬರು ಪರಿಶೀಲಿಸಿ ವರದಿ ಕೊಡಲಿ, ಸಾಲುಗಳೂ ಬಹಿರಂಗವಾಗಲಿ.

ನನ್ನ ಕಡೆಯಿಂದ ಇಷ್ಟು ಮಾಡಬಲ್ಲೆ: ಅಣಕು ಹಂಚಿಕೆಯ ಪ್ರಯೋಗವನ್ನು ಒಂದೇ ವರ್ಷದ ಮಟ್ಟಿಗೆ ಕಿಂಡರ್‌ಗಾರ್ಟನ್‌ಗೆ ಮಾತ್ರ ಮಾಡಲು ನೀವು ಒಪ್ಪಿದರೆ, ಡಿಸೆಂಬರ್‌ನಲ್ಲಿ ಶನಿವಾರಗಳಂದು ಕೂತು ಅದನ್ನು ಜನರಿಗೆ ವಿವರಿಸಲು ಹತ್ತಾರು ಪೋಷಕರನ್ನು ಕೂಡಿಸುವ ಹೊಣೆ ನನ್ನದು. ಕನ್ನಡ, ತಮಿಳು, ತೆಲುಗು, ಹಿಂದಿ ನಮ್ಮಲ್ಲೇ ಆಗುತ್ತದೆ. ಸ್ಪ್ಯಾನಿಷಿಗೆ ಒಗೆಯುವ ಅಂಗಡಿಯ ಆ ಹುಡುಗಿಯನ್ನು ಕೇಳಿದ್ದೇನೆ. ಈಗ ಆರನೆಯ ತರಗತಿ, ಬರುತ್ತೇನೆ ಎಂದಿದ್ದಾಳೆ, ಆದರೆ ಹನ್ನೆರಡು ಗಂಟೆಯೊಳಗೆ ಬಿಡಬೇಕಂತೆ, ಅವಳಿಗೆ ಫುಟ್‌ಬಾಲ್ ಇದೆ.

ಮುಂದಿನ ಮಂಗಳವಾರದ ಸಭೆಯಲ್ಲಿ ಸಾರ್ವಜನಿಕರಿಗೆ ಕೊಡುವ ಒಂದೆರಡು ನಿಮಿಷದಲ್ಲಿ ಇದೆಲ್ಲ ಹೇಳಲಾಗದು. ಹೆಸರು ಕೊಟ್ಟಿದ್ದೇನೆ. ಆ ಒಂದು ಹಾಳೆಯ ಮಾದರಿಯನ್ನು ಮಾತ್ರ ತಂದಿರುತ್ತೇನೆ: ಎಡಕ್ಕೆ ಶಾಲೆಯ ಹೆಸರುಗಳು, ಬಲಕ್ಕೆ ಖಾಲಿ ಮನೆಗಳು.

ಇತಿ ನಿಮ್ಮವನು,
ಎಕ್ಸೆಲ್ಸಿಯರ್ ಬಡಾವಣೆಯ ಒಬ್ಬ ಕನ್ನಡಿಗ ತಂದೆ